ಅಕ್ಕನ ಸರದಿ

ಸದ್ದೇ ಇಲ್ಲವಲ್ಲ, ಹಳೆಯ ಕಂಪ್ಯೂಟರು ಹಸಿದ ಹೊಟ್ಟೆಯ ಹಾಗೆ ಗುರುಗುಡುತ್ತಿತ್ತು, ಫ್ಲಾಪಿ ತುರುಕಿದರೆ ಕಟಕಟ ಹಲ್ಲು ಕಡಿಯುತ್ತಿತ್ತು, ಈ ಹೊಸ ಲ್ಯಾಪ್‌ಟಾಪ್ ಉಸಿರು ಬಿಗಿಹಿಡಿದು ಕೂತಿದೆ, ಪರದೆಯ ನಡುವೆ ಅಂಗೈಯಗಲದ ಕಿಟಕಿ, ಅದರೊಳಗೆ ಒರಟು ಬಿಳಿ ಅಕ್ಷರ — ಎರಡನೇ ಆಟಗಾರರ ಸರದಿ, ಮೊದಲನೆಯವರು ಮುಖ ತಿರುಗಿಸಿ, ಯಾವುದಾದರೂ ಕೀಲಿ ಒತ್ತಿ — ಇಪ್ಪತ್ತೆರಡು ವರ್ಷ ಫ್ಲಾಪಿಯೊಳಗೆ ಇದೇ ಮಾತು ಹೇಳುತ್ತ ಕೂತಿತ್ತೇ ಇದು, ಆಟಕ್ಕೇ ಮೋಸ ಮಾಡಿದ್ದೀನಿ ಮೇಡಂ ಎಂದು ನಕ್ಕಿದ್ದ ರಿಪೇರಿ ಅಂಗಡಿಯವನು, ಹೊಸ ಮೆಷಿನ್ನೊಳಗೆ ಒಂದು ಸುಳ್ಳು ಹಳೇ ಮೆಷಿನ್ ಕೂರಿಸಿದ್ದೀನಿ, ಪಾಪ ಅದರ ಲೆಕ್ಕದಲ್ಲಿ ಇನ್ನೂ ಅದೇ ಮಧ್ಯಾಹ್ನ, ಸ್ಪೀಡೂ ಇಳಿಸಿದ್ದೀನಿ, ಇಲ್ಲಾಂದ್ರೆ ನಿಮ್ಮ ಸೈನ್ಯ ಕಣ್ಮುಚ್ಚಿ ಬಿಡೋದ್ರೊಳಗೆ ಮುದಿಯಾಗಿಬಿಡುತ್ತೆ. ಅದೇ ಮಧ್ಯಾಹ್ನ. ಈಗಲೂ ಮಧ್ಯಾಹ್ನವೇ, ಗಂಡನ ಫೋನು ಬಂದು ಹೋಯಿತು, ಏನೇ ಮಹಾರಾಣಿ, ರಾಜ್ಯ ಗೆಲ್ಲೋ ಭರದಲ್ಲಿ ಒಲೆ ಮೇಲಿನ ಹಾಲು ಉಕ್ಕಿಸಿಬಿಟ್ಟೀಯ — ಇವಳು ಒಲೆ ಆರಿಸಿದ್ದಾಳೆ, ಎರಡು ಸಲ ಹೋಗಿ ನೋಡಿದ್ದಾಳೆ, ಮುಂಬಾಗಿಲಿನ ಚಿಲಕವನ್ನು ಮೂರು ಸಲ. ಬೆರಳು ಕೀಲಿಯ ಮೇಲೆ ಇದೆ, ಒತ್ತುತ್ತಿಲ್ಲ. ಇದು ಅಕ್ಕನ ಸರದಿ. ಅಕ್ಕನ ಸರದಿಯಲ್ಲಿ ತಂಗಿ ಗೋಡೆಯ ಕಡೆ ತಿರುಗಿ ಕೂರಬೇಕು, ಆಯ್ತು, ತಿರುಗು, ಎಂದು ಅಕ್ಕ ಹೇಳುವ ತನಕ ಕತ್ತು ಅಲ್ಲಾಡಿಸುವಂತಿಲ್ಲ, ಅದೇ ಕಟ್ಟಳೆ, ಇಬ್ಬರಿಗೂ ಒಂದೇ ಕಂಪ್ಯೂಟರು, ಒಬ್ಬರ ದಂಡು ಎಲ್ಲಿ ಅಡಗಿದೆ ಎಂದು ಇನ್ನೊಬ್ಬರು ಕಂಡರೆ ಆಟವೇ ಇಲ್ಲ. ಇವಳ ಸರದಿ ಬಂದಾಗ ಅಕ್ಕ ಎಷ್ಟು ನಿಯತ್ತಾಗಿ ಗೋಡೆ ನೋಡುತ್ತಿದ್ದಳು, ಹಿಂದಿನಿಂದ ಕಾಣುತ್ತಿದ್ದದ್ದು ಎರಡು ಜಡೆಗಳ ನಡುವಿನ ಆ ಬಿಳಿ ಬೈತಲೆ, ಅಡಿಕೋಲು ಇಟ್ಟು ಎಳೆದಂತೆ, ನೆತ್ತಿಯಿಂದ ಕತ್ತಿನವರೆಗೆ. ತನಗೆ ಮಾತ್ರ ಕಪಾಟಿತ್ತು. ಎಡಗಡೆ ಕಪಾಟು, ಅದರ ಬಾಗಿಲಿನಲ್ಲಿ ಕನ್ನಡಿ, ಕಣ್ಣು ಸ್ವಲ್ಪ ಹೊರಳಿಸಿದರೆ ಸಾಕು, ಪರದೆಯೂ ಅಕ್ಕನೂ ಎಡಬಲ ಅದಲುಬದಲಾಗಿ ಅದರೊಳಗೆ, ಅಕ್ಕನ ದಂಡು ಬಲಕ್ಕೆ ಕಂಡರೆ ಎಡಕ್ಕೆ ಕೋಟೆ ಕಟ್ಟುವುದು, ಅದೆಂಥ ತಲೆಯೇ ಬೆಕ್ಕೆ ನಿಂದು, ಒಂದು ಸಲನೂ ಸೋಲಲ್ವಲ್ಲ, ಎಂದು ತಂಗಿಯನ್ನು ಬೆಕ್ಕೆಂದೇ ಕರೆಯುತ್ತಿದ್ದ ಅಕ್ಕ ಕಿವಿ ಹಿಂಡುತ್ತಿದ್ದಳು, ನಗುತ್ತಿದ್ದಳೇ, ನಗುತ್ತಲೇ ಇದ್ದಳು.

ಆ ದಿನವೂ ನೋಡಿದ್ದು ಕನ್ನಡಿಯಲ್ಲೇ. ಒಂದು ವಾರದಿಂದ ಅಪ್ಪನೂ ಅಕ್ಕನೂ ಮಾತು ಬಿಟ್ಟಿದ್ದರು, ಅಮ್ಮ ಒಳಗೆ ಮಲಗಿದ್ದಳು, ಅಕ್ಕ ಬಹಳ ಹೊತ್ತು ಕೀಲಿ ಒತ್ತಿದಳು, ದಂಡು ನಡೆಸಲು ಇಷ್ಟೊಂದು ಯಾಕೆ ಒತ್ತಬೇಕು, ಆಮೇಲೆ ಫ್ಲಾಪಿ ಕಟಕಟ, ಆಮೇಲೆ ಎದ್ದಳು, ಮಂಚದ ಕೆಳಗಿನಿಂದ ಚೀಲ, ಚಪ್ಪಲಿ ಕೈಯಲ್ಲಿ, ಬಾಗಿಲ ತನಕ ಹೋಗಿ ನಿಂತಳು, ಬೆನ್ನು ಮಾಡಿ, ಆ ಬಿಳಿ ಬೈತಲೆ, ಹತ್ತು ಎಣಿಸುವಷ್ಟು ಹೊತ್ತು, ಇಪ್ಪತ್ತು, ಯಾಕೆ ನಿಂತಿದ್ದಳು — ಅಕ್ಕಾ ಎಂದು ಒಂದೇ ಒಂದು ಸಲ ಕೂಗಿದ್ದರೆ ಸಾಕಿತ್ತು, ಕೂಗಿದರೆ ನೋಡಿದ್ದು ಗೊತ್ತಾಗಿಬಿಡುತ್ತದೆ, ಗೆದ್ದ ಆಟವೆಲ್ಲ ಕಳ್ಳಾಟ ಎಂದಾಗುತ್ತದೆ, ಹದಿಮೂರು ವರ್ಷದ ತಲೆಗೆ ಅದೇ ದೊಡ್ಡ ಭಯ, ಬಾಯಿ ಮುಚ್ಚಿಕೊಂಡೇ ಕೂತಳು. ಬಾಗಿಲಿನ ಚೌಕಟ್ಟು ಖಾಲಿಯಾಯಿತು. ಆಮೇಲೂ ಗೋಡೆಯ ಕಡೆಗೇ ಕೂತಿದ್ದಳು, ಸಂಜೆ ದೀಪ ಹಾಕುವವರೆಗೆ, ಯಾರೂ ತಿರುಗು ಎನ್ನಲಿಲ್ಲವಲ್ಲ. ನಿಜ ಹೇಳೇ, ಏನೂ ನೋಡ್ಲಿಲ್ವಾ? ಇಲ್ಲಮ್ಮ, ಗೋಡೆ ಕಡೆ ತಿರುಗಿದ್ದೆ. ಹೋದ ತಿಂಗಳೂ ಅಮ್ಮ ಕೇಳಿದಳು, ಅದೇ ಪ್ರಶ್ನೆ, ಅದೇ ದನಿ, ಇವಳದೂ ಅದೇ ಉತ್ತರ, ಅಚ್ಚಿನ ಕರಡು ತಿದ್ದುವವಳು, ಬೇರೆಯವರ ಒಂದು ತಪ್ಪು ಕೊಂಬನ್ನೂ ಬಿಡದವಳು. ಅಕ್ಕನಿಂದ ಒಂದು ಕಾಗದವಿಲ್ಲ, ಒಂದು ಹೆಣವೂ ಇಲ್ಲ. ತಾನು ನೋಡುತ್ತಿದ್ದದ್ದು ಅಕ್ಕನಿಗೆ ಗೊತ್ತಿತ್ತೇ, ಅಷ್ಟು ತಿಳಿದರೆ ಸಾಕು ಇವಳಿಗೆ, ಗೊತ್ತಿರಲಿಲ್ಲ ಎಂದಾದರೆ ಆ ಬಾಗಿಲಲ್ಲಿ ನಿಂತದ್ದು ಸುಮ್ಮನೆ ನಿಂತದ್ದು, ಅಷ್ಟೇ, ಯಾರಾದರೂ ನಿಲ್ಲುತ್ತಾರೆ —

ಒತ್ತಿದಳು. ಹಸಿರು ನೆಲ ಬಿಚ್ಚಿಕೊಂಡಿತು, ಸುತ್ತ ಅಕ್ಕನ ಜನ ಇನ್ನೂ ಕಾಲಿಡದ ಕಪ್ಪು, ದಂಡುಗಳು ಇದ್ದಲ್ಲೇ ಇವೆ, ಒಂದೂ ಕದಲಿಲ್ಲ, ಹಾಗಾದರೆ ಆ ದಿನ ಅಕ್ಕ ಅಷ್ಟು ಹೊತ್ತು ಏನು ಒತ್ತಿದಳು, ಊರುಗಳು, ಅಕ್ಕ ಕಟ್ಟಿದ ಮೂರು ಊರುಗಳ ಹೆಸರು ಬದಲಾಗಿದೆ, ಊರಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿ ಬರೆಯುತ್ತಿದ್ದರು ಇಬ್ಬರೂ, ಇರುವೆಯಷ್ಟು ಅಕ್ಷರ, ಕನ್ನಡಿಯಲ್ಲಿ ತಿರುಗುಮುರುಗು, ಓದಲು ಆಗುತ್ತಲೇ ಇರಲಿಲ್ಲ, ಈಗ ನೆಟ್ಟಗಿವೆ, ಒಂದರ ಪಕ್ಕ ಒಂದು, ಮೊದಲ ಊರಿನ ಹೆಸರು ನೋಡ್ತಿದ್ದೀಯಲ್ಲ, ಎರಡನೆಯದು ಬೆಕ್ಕೆ, ಮೂರನೆಯದು ಕೂಗೇ. ನೋಡ್ತಿದ್ದೀಯಲ್ಲ ಬೆಕ್ಕೆ ಕೂಗೇ. ಇನ್ನೊಮ್ಮೆ, ಕರಡು ಓದುವಂತೆ ಒಂದೊಂದೇ ಅಕ್ಷರ, ತಪ್ಪಿಲ್ಲ, ಎಲ್ಲೂ ತಪ್ಪಿಲ್ಲ, ಹತ್ತು ಎಣಿಸುವಷ್ಟು, ಇಪ್ಪತ್ತು ಎಣಿಸುವಷ್ಟು ಹೊತ್ತು, ಆಟಕ್ಕೆ ಇನ್ನೂ ಅದೇ ಮಧ್ಯಾಹ್ನ, ಪರದೆಯ ಕಪ್ಪು ಎಷ್ಟು ನುಣುಪು, ಹೊಸ ಗಾಜು, ಇವಳ ಮುಖ ಕಾಣುತ್ತದೆ, ಭುಜದ ಹಿಂದೆ ಕೋಣೆ, ಕೋಣೆಯ ಬಾಗಿಲು, ಮುಂಬಾಗಿಲಿಗೆ ಚಿಲಕ ಹಾಕಿತ್ತು, ಮೂರು ಸಲ ನೋಡಿದ್ದಳು, ಕೋಣೆಯ ಬಾಗಿಲಿನ ಈ ಚೌಕಟ್ಟಿನಲ್ಲಿ ಸಣ್ಣದೊಂದು ಬಿಳಿ ಗೆರೆ, ನೇರ, ಮೇಲಿನಿಂದ ಕೆಳಕ್ಕೆ, ಎರಡು ಕಪ್ಪುಗಳ ನಡುವೆ, ತಿರುಗಬೇಕು, ತಿರುಗು ಎಂದು ಯಾರೂ ಹೇಳಿಲ್ಲ, ಕೂಗಬೇಕು, ಬಾಯಿ ತೆರೆದಿದೆ, ಆ ಬಿಳಿ ಬೈತಲೆ, ಕದಲದೆ, ಬೆನ್ನು ಮಾಡಿ, ಆ ಬಿಳಿ ಬೈತಲೆ