ಹಳದಿ ಎಲ್ಲಿತ್ತು

ಕಣ್ಣಾಸ್ಪತ್ರೆಯ ಈ ಗೋಡೆಯ ಬಿಳಿಯಲ್ಲಿ ಒಂದು ತೊಟ್ಟು ನೀಲಿ ಇದೆ, ಬೇಕೆಂದೇ ಬೆರೆಸಿದ್ದಾರೆ, ನೀಲಿ ಸೋಕಿದರೆ ಬಿಳಿ ಇನ್ನೂ ಬೆಳ್ಳಗೆ ಕಾಣುತ್ತದೆ, ಬಣ್ಣದ ಕಾರ್ಖಾನೆಯಲ್ಲೇ ತಲೆ ನರೆತ ಅವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ — ಹೇಳಬೇಕಾದ್ದನ್ನು ಡಾಕ್ಟರಮ್ಮ ಈಗಷ್ಟೇ ಹೇಳಿಯಾಗಿದೆ, ನಿಮ್ಮನೆಯವರ ಬಲಗಣ್ಣು ಹೋಯ್ತು ಯಜಮಾನ್ರೇ, ಪೊರೆ ಬಲಿತು ಒಳಗೆ ಒತ್ತಡ ಏರಿ ನರಾನೇ ಸತ್ತಿದೆ, ಎಡಗಣ್ಣನ್ನ ಆಪರೇಷನ್ ಮಾಡಿ ಉಳಿಸ್ಕೋಬಹುದು, ಇಷ್ಟು ದಿನ ಏನ್ಮಾಡ್ತಿದ್ರಿ, ಬಣ್ಣ ಮಾಸಿದ ಹಾಗೆ ಕಾಣುತ್ತೆ ಅಂತ ಅವರು ಒಂದು ಸಲಾನೂ ಹೇಳಲಿಲ್ವಾ? ಅವನು ತಲೆಯಾಡಿಸಿದ್ದ, ಹೌದೆಂದೋ ಇಲ್ಲವೆಂದೋ ತನಗೇ ತಿಳಿಯದ ಹಾಗೆ. ಹೇಳಿದ್ದಳು ಹೆಂಡತಿ, ನಡುಮನೆಗೆ ಸುಣ್ಣಬಣ್ಣ ಮಾಡಿಸಿದ ಮರುವರ್ಷ, ರೀ, ಗೋಡೆ ಯಾಕೋ ಹಳದಿಗಟ್ಟಿದೆ, ನಿಮ್ಮ ಕಂಪನಿ ಬಣ್ಣದ ಹಣೆಬರಹ ಇಷ್ಟೇ, ಅವಳು ನಗುತ್ತಲೇ ಅಂದದ್ದು, ಚುಚ್ಚಿದ್ದು ಅವನಿಗೆ, ಆ ಬಿಳಿ ಅವನೇ ಹದ ಮಾಡಿದ್ದು — ಮಾರನೆಯ ದಿನವೇ ಬಣ್ಣ ಅಳೆಯುವ ಮೀಟರನ್ನು ಚೀಲದಲ್ಲಿ ಹೊತ್ತು ತಂದ, ಗೋಡೆಗೆ ಒತ್ತಿದ, ಬಳಿದ ದಿನದ ಅಂಕಿಯೇ ಮೂಡಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನೋಡೇ, ಮಷೀನಿಗೆ ನಿನ್ನ ಮೇಲೆ ಹಗೆನೂ ಇಲ್ಲ, ನನ್ನ ಮೇಲೆ ಮೋಹಾನೂ ಇಲ್ಲ, ಯಾರು ನೋಡ್ಲಿ ಬಿಡ್ಲಿ ಗೋಡೆ ಇರೋದೇ ಹೀಗೆ. ಹಾಗಾದ್ರೆ ನಂಗೆ ಕಾಣ್ತಿರೋದು ಏನ್ರೀ? ಭ್ರಮೆ ಕಣೇ. ಆಯ್ತಪ್ಪಾ ಮೀಟರಪ್ಪ, ನಿಮ್ಮದೇ ಸರಿ.

ಮೀಟರಪ್ಪ, ಕಾರ್ಖಾನೆಯವರಿಟ್ಟ ಹೆಸರು ಮನೆಗೂ ಬಂದಿತ್ತು, ಅವನಿಗೆ ಒಳಗೊಳಗೇ ಹೆಮ್ಮೆ — ಆಮೇಲೆ ಅವಳು ಬಣ್ಣದ ಮಾತೇ ಎತ್ತಲಿಲ್ಲ, ದೀಪದ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ ಎಂಬುದನ್ನೂ ಡಾಕ್ಟರಮ್ಮನಿಗೇ ಹೇಳಿದಳು, ಅವನಿಗಲ್ಲ, ಅವಳ ಮೌನವನ್ನು ಅವನು ಗೆಲುವೆಂದುಕೊಂಡಿದ್ದ. ಅಂಕಿ ತಪ್ಪಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ತಪ್ಪಲ್ಲ, ಗೋಡೆ ಬಿಳಿಯೇ ಇತ್ತು, ಯಾರ ಹಂಗೂ ಇಲ್ಲದೆ ಇತ್ತು — ಇತ್ತೇ? ಮೀಟರಿನೊಳಗೂ ಕಣ್ಣುಗಳಿವೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ಅವನೇ ತಾನೇ, ಯಾವುದೋ ಕಾಲದಲ್ಲಿ ವಿಜ್ಞಾನಿಗಳು ಒಂದಿಷ್ಟು ಜನರನ್ನು ಕೂರಿಸಿ, ಈ ಬೆಳಕೂ ಆ ಬೆಳಕೂ ಒಂದೇ ಬಣ್ಣವೇ ಎಂದು ಕೇಳಿ, ಅವರ ಉತ್ತರಗಳ ಸರಾಸರಿಗೆ ಎಲ್ಲರ ಕಣ್ಣು ಎಂದು ಹೆಸರಿಟ್ಟರು, ಮೀಟರು ಅಳೆಯುವುದು ಆ ಕಣ್ಣಿನಿಂದಲೇ, ಬೆಳಕು ತನ್ನಷ್ಟಕ್ಕೆ ಇರಬಹುದು, ಬಿಳಿ ಅನ್ನುವುದಕ್ಕೆ ಯಾರಾದರೂ ಬೇಕು, ಹೆಸರು ಕುಲ ಗೊತ್ತಿಲ್ಲದ ಆ ಜನರ ಮಾತನ್ನು ಅವನು ನಂಬಿದ, ಪಕ್ಕದಲ್ಲಿ ಮಲಗುವವಳ ಮಾತನ್ನು ನಂಬಲಿಲ್ಲ, ಹಳದಿ ಗೋಡೆಯಲ್ಲಿರಲಿಲ್ಲ ಸರಿ, ಎಲ್ಲೂ ಇರಲಿಲ್ಲವೇ, ಅವಳ ಕಣ್ಣೊಳಗೆ ಪೊರೆಯಾಗಿ ಇತ್ತು, ಡಾಕ್ಟರಮ್ಮ ದೀಪ ಹಿಡಿದರೆ ಕಾಣುವಷ್ಟು ನಿಜವಾಗಿ ಇತ್ತು — ಬಾಗಿಲು ತೆರೆದುಕೊಳ್ಳುತ್ತದೆ, ನರ್ಸಮ್ಮನ ಕೈ ಹಿಡಿದು ಅವಳು, ಎಲ್ಲಿದ್ದೀರಿ, ಇಲ್ಲೇ ಇದ್ದೀನಿ ಕಣೇ, ಯಾಕ್ರೀ ದನಿ ಹಾಗಾಗಿದೆ, ಇನ್ನೊಂದು ಇದೆಯಲ್ಲ ಬಿಡಿ, ನಿಮ್ಮ ಮುಖ ನೋಡೋಕೆ ಒಂದು ಸಾಕು, ಅವಳೇ ಸಮಾಧಾನ ಹೇಳುತ್ತಾಳೆ, ಅವನ ಕಣ್ಣ ಮುಂದೆ ಬರುವುದು ಮೀಟರು ತಂದ ಮರುದಿನದ ಸಂಜೆ, ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾನೆ, ಅವನು ಬಂದದ್ದು ಅವಳಿಗೆ ತಿಳಿದಿಲ್ಲ, ಸ್ಟೂಲು ಹತ್ತಿ ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸುತ್ತಿದ್ದಾಳೆ, ಒರೆಸಿ ಬಟ್ಟೆ ತಿರುಗಿಸಿ ನೋಡುತ್ತಾಳೆ, ಕೊಳೆ ಹತ್ತಿಲ್ಲ, ಮತ್ತೆ ಒರೆಸುತ್ತಾಳೆ, ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡುತ್ತಾಳೆ, ಕೊಳೆ ಹತ್ತಿಲ್ಲ, ಮತ್ತೆ ಒರೆಸುತ್ತಾಳೆ, ಬಟ್ಟೆ ತಿರುಗಿಸಿ —