ಜೊಂಡಿಗೆ ಒಂದು ಲಾರಿ ನೀರು

ಬೆಳಿಗ್ಗೆ ಹತ್ತು ಗಂಟೆಗೆ ನೀರಿನ ಲಾರಿ ಊರೊಳಗೆ ಬಂತು. ಅದರಲ್ಲಿದ್ದದ್ದು ಕುಡಿಯುವುದಕ್ಕೆಂದು ತಂದ ನೀರಲ್ಲ.

೨೦೦೪ರ ಮೇ ತಿಂಗಳು. ಚೆನ್ನೈಯ ಉತ್ತರಕ್ಕಿರುವ ಈ ನೇಕಾರರ ಊರಲ್ಲಿ ಅರುವತ್ತು ಮನೆ. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು. ಬಚ್ಚಲು, ಕಕ್ಕಸಿನ ನೀರೆಲ್ಲ ಒಂದು ತೊಟ್ಟಿಗೆ ಇಳಿದು, ಜಲ್ಲಿ ತುಂಬಿದ ಪಾತಿಯಲ್ಲಿ ಜೊಂಡಿನ ಬೇರುಗಳ ನಡುವೆ ಹಾದು, ತಿಳಿಯಾಗಿ ಕುಂಟೆ ಸೇರುತ್ತಿತ್ತು. ಪಾತಿಯ ನಕ್ಷೆ ಮಾಡಿದವಳು ಚೆನ್ನೈಯ ಗಿಂಡಿ ಬಡಾವಣೆಯ ಒಂದು ಕಂಪನಿಯ ಇಂಜಿನಿಯರ್ ಭಾವನಾ. ಜೊಂಡು ನೆಟ್ಟು ಕಾಪಾಡಿದವಳು ಊರಿನ ನಾಗಮಣಿ. ಅವಳ ಕಿರಿಮಗಳು ವಾಂತಿಭೇದಿಯಿಂದ ಸತ್ತಿದ್ದಳು. ಪಾತಿ ಆದ ಮೇಲೆ ಊರಲ್ಲಿ ಆ ಕಾಯಿಲೆ ಕಂಡಿರಲಿಲ್ಲ.

ಈಗ ಪಾತಿಗೆ ಕೊಳಚೆಯೇ ಬರುತ್ತಿರಲಿಲ್ಲ. ಸುತ್ತಲಿನ ಹೊಲಗಳ ಬಾವಿಯಿಂದ ಲಾರಿಗಳು ಹಗಲೂ ರಾತ್ರಿ ನಗರಕ್ಕೆ ನೀರು ಹೊರುತ್ತಿದ್ದವು. ಊರಿನ ಕೈಪಂಪು ಒತ್ತಿದರೆ ಗಾಳಿ. ಪಾತ್ರೆ ತೊಳೆದ ನೀರು ಎಮ್ಮೆಗೆ. ಕಕ್ಕಸಿಗೆ ಬೀಗ ಹಾಕಿ ಜನ ಮತ್ತೆ ಕುಂಟೆಯ ದಂಡೆಗೇ ಹೋಗುತ್ತಿದ್ದರು. ಜೊಂಡು ತುದಿಯಿಂದ ಒಣಗುತ್ತ ಬುಡಕ್ಕೆ ಬಂದಿತ್ತು.

"ವಾರಕ್ಕೊಂದು ಲಾರಿ ನೀರು ಬಿಟ್ರೆ ಮಳೆ ಬರೋ ತನಕ ಬೇರು ಉಳಿಯುತ್ತೆ ಸಾರ್," ಎಂದು ಭಾವನಾ ಕಚೇರಿಯಲ್ಲಿ ಕೇಳಿದ್ದಳು.

"ಕೊಳಚೆ ತಿನ್ನೋ ಹುಲ್ಲಿಗೆ ಒಳ್ಳೆ ನೀರು ಕೊಂಡ್ಕೊಂಡ್ವಿ ಅಂತ ಮೇಲಕ್ಕೆ ಬರೀಲಾ? ನಗ್ತಾರಮ್ಮಾ," ಎಂದಿದ್ದರು ಹಿರಿಯ ಇಂಜಿನಿಯರ್ ಮುರಳೀಧರ.

ಕೊನೆಗೆ ಅವಳು ತನ್ನ ಕೈಯಿಂದಲೇ ಬಾಡಿಗೆ ಕೊಟ್ಟು, ನಗರದ ಪುರಸೈವಾಕ್ಕಂನಲ್ಲಿ ತಾನಿರುವ ಬೀದಿಗೆ ದಿನಾ ನೀರು ತರುವ ಸುರೇಶನನ್ನು ಒಪ್ಪಿಸಿದಳು. ಅವನು ನಕ್ಕು ತಮಿಳಿನಲ್ಲಿ ಹೇಳಿದ: "ನಾನು ತುಂಬಿಸೋದೇ ಆ ಊರಿನ ಪಕ್ಕದ ಬಾವೀಲಿ ಮೇಡಂ. ಲಾರಿ ತಿರುಗಿಸಿದ್ರೆ ಆಯ್ತು."

ಭಾವನಾ ಸುರೇಶನ ಪಕ್ಕದಲ್ಲೇ ಕೂತು ಬಂದಿದ್ದಳು. ನಾಗಮಣಿ ಮುಂದೆ ಓಡುತ್ತ ಪಾತಿಯ ದಾರಿ ತೋರಿಸಿದಳು. ಸುರೇಶ ಪೈಪು ಎಳೆಯುವಷ್ಟರಲ್ಲಿ ಹಿಂದೆ ಕೊಡಗಳ ಸದ್ದು. ಊರಿನ ಹೆಂಗಸರೆಲ್ಲ ಬಂದಿದ್ದರು.

"ಇದು ಜೊಂಡಿಗೆ ಕಣ್ರೇ! ಹೋಗ್ರೇ ಆಚೆ!" ನಾಗಮಣಿ ಎರಡೂ ಕೈ ಚಾಚಿ ಅಡ್ಡ ನಿಂತಳು.

ಅವಳ ಸೊಸೆ ಸರಸ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದಳು. "ಹುಲ್ಲಿಗೆ ತಣ್ಣಿ ಹಾಕ್ತೀರಾ ಅತ್ತೆ? ಇವನ ಬಾಯಿ ನೋಡಿ."

ನಾಗಮಣಿ ಮೊಮ್ಮಗನನ್ನು ನೋಡಿದಳು. ಚಾಚಿದ ಕೈ ಇಳಿಯಿತು. ಸೊಸೆಯ ಕೊಡ ಇಸಿದುಕೊಂಡು ಪೈಪಿನ ಕೆಳಗೆ ಹಿಡಿದಳು. ಸುರೇಶ ಭಾವನಾಳ ಮುಖ ನೋಡಿದ. ಅವಳು ಕೊಡಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅವನು ಲಾರಿಯ ವಾಲ್ವು ತಿರುಗಿಸಿದ.

"ಬೇಜಾರು ಮಾಡ್ಕೋಬೇಡಿ ಮೇಡಂ," ನಾಗಮಣಿ ತಲೆ ಎತ್ತದೆ ಹೇಳಿದಳು. "ನಾವು ಸ್ನಾನ ಮಾಡಿದ ನೀರು ಅಲ್ಲಿಗೇ ತಾನೆ ಬರೋದು?"

"ಸ್ನಾನ ಮಾಡ್ತೀರಾ?"

"ಇಷ್ಟು ನೀರಲ್ಲಿ ಸ್ನಾನಾನಾ? ಹುಚ್ಚಾ ನಿಮಗೆ!" ಎಂದು ನಾಗಮಣಿ ನಕ್ಕುಬಿಟ್ಟಳು. ಸುತ್ತ ನಿಂತವರೂ ನಕ್ಕರು. ಭಾವನಾಳಿಗೂ ನಗು ಬಂತು; ಅದು ಬೇಗ ನಿಂತಿತು.

ಲಾರಿ ಬರಿದಾದ ಮೇಲೆ ಸುರೇಶ ಪೈಪಿನ ತುದಿಯನ್ನು ಪಾತಿಯ ಮೇಲೆ ಎತ್ತಿ ಕೊಡವಿದ. ಜಲ್ಲಿಯ ಮೇಲೆ ಮೊರದಗಲ ಒದ್ದೆಯಾಯಿತು. ನಾಗಮಣಿ ತುಂಬಿದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು, ಆ ಒದ್ದೆ ಆರುವ ತನಕ ಅಲ್ಲೇ ನಿಂತಿದ್ದಳು.

ಮರುದಿನ ಬೆಳಿಗ್ಗೆ ಐದೂವರೆಗೆ ಸುರೇಶನ ಲಾರಿ ಅದೇ ಬಾವಿಯ ನೀರು ಹೊತ್ತು ಪುರಸೈವಾಕ್ಕಂಗೆ ಬಂತು. ಭಾವನಾ ಸಾಲಿನಲ್ಲಿ ನಿಂತು ಎರಡು ಕೊಡ ತುಂಬಿಸಿಕೊಂಡಳು.