ಕೋಣೆಯ ತಪ್ಪು

ಪರದೆ ಬಿಚ್ಚಿದ ಮೇಲೆ ಕಂಬಿಯಲ್ಲಿ ಬರೀ ಬಳೆಗಳು ಉಳಿದಿವೆ, ಗಾಳಿ ಬಂದಾಗಲೆಲ್ಲ ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ಗಂಡನಿಗೆ ಅದು ಕೇಳುತ್ತಿಲ್ಲ — ಕೇಳಿದ್ದರೆ ಇಷ್ಟು ಹೊತ್ತಿಗೆ ಅವೂ ಅಟ್ಟ ಸೇರುತ್ತಿದ್ದವು ಅಂದುಕೊಂಡಳು, ಬಾಗಿಲಿಗೆ ಒರಗಿ. ಅವನು ತನ್ನ ಕುರ್ಚಿಯ ಹತ್ತಿರ ಮೈಕಿನ ಕಂಬ ನಿಲ್ಲಿಸುತ್ತಿದ್ದಾನೆ, ತಾನು ಕೂತರೆ ಕಿವಿ ಎಲ್ಲಿಗೆ ಬರುತ್ತದೋ ಅಷ್ಟೇ ಎತ್ತರಕ್ಕೆ, ಗೇಣು ಹಾಕಿ. ಮೊದಲು ಹೋದದ್ದು ಜಮಖಾನೆ, ಬಟ್ಟೆ ಸದ್ದು ಕುಡಿಯುತ್ತೆ ಕಣೇ, ಅದರಲ್ಲೂ ಮೇಲಿನ ಸದ್ದು, ತಾರಸ್ಥಾಯಿಯದು, ಅಂದ, ಆಮೇಲೆ ದಿಂಬುಗಳು, ಆಮೇಲೆ ಮಗಳು ಹೊಟ್ಟೆಯಲ್ಲಿದ್ದಾಗ ಅವಳು ಕೂತು ಹೊಲಿದ ಪರದೆ, ಈಗ ಕೋಣೆ ಸಾಮಾನು ಸಾಗಿಸಿ ಹೊರಟವರ ಮನೆಯ ಹಾಗಿದೆ, ನಿನ್ನೆ ಅವಳ ಹೆಗಲ ಮೇಲಿನ ಶಾಲನ್ನೂ ನೋಡಿದ, ನೀನು ಆಚೆಯೇ ನಿಂತಿರು, ನೀನೂ ಸ್ವಲ್ಪ ಕುಡೀತೀಯ. ನಕ್ಕಿದ್ದ ಹಾಗನ್ನುವಾಗ. ಅವಳೂ ನಕ್ಕಿದ್ದಳು.

ಆ ಕಪ್ಪು ಪೆಟ್ಟಿಗೆ, ಡಿಜಿಟಲ್ ಪ್ರೀಆಂಪ್, ಸ್ಪೀಕರಿಗೆ ಹೋಗುವ ಮೊದಲೇ ಸದ್ದನ್ನು ಹಿಡಿದು ತಿದ್ದುತ್ತದಂತೆ, ಕೋಣೆ ಎಲ್ಲಿ ಉಬ್ಬಿಸುತ್ತೆ ಎಲ್ಲಿ ನುಂಗುತ್ತೆ ಅಂತ ಮೈಕಿನಿಂದ ಕೇಳಿಕೊಂಡು. ಮೈಕಿಗೆ ವಯಸ್ಸಾಗುವುದಿಲ್ಲ. ಪೆಟ್ಟಿಗೆ ತಿದ್ದಿ ಕೊಟ್ಟದ್ದನ್ನು ಕೇಳಿ ಅವನು ಮುಖ ಕಿವುಚಿದ, ಮಂಕಾಗಿದೆ, ಮೇಲೆ ಏನೂ ಇಲ್ಲ, ಕೋಣೆಯದೇ ತಪ್ಪು, ಅಂದು ತಾನೇ ಮೇಲಿನದನ್ನು ಎತ್ತಿದ, ಇನ್ನೂ ಎತ್ತಿದ, ಅವಳು ಅಡುಗೆಮನೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಪಾತ್ರೆ ತೊಳೆದಳು. ಕುಣಿಯಲಾರದವಳಿಗೆ ನೆಲ ಡೊಂಕು — ಛೀ, ಹಾಗನ್ನಬಾರದು, ಇಷ್ಟು ವರ್ಷ ಕುಣಿದವನು. ನಿನ್ನ ಗಂಡನದು ಕಿವಿಯಲ್ಲ, ಜರಡಿ, ಅನ್ನುತ್ತಿದ್ದಳು ಅಮ್ಮ, ಅಕ್ಕಿಯೊಳಗಿನ ಕಲ್ಲನ್ನೂ ಕೇಳಿಸ್ಕೊಂಡು ತೆಗೀತಾನೆ. ಹಾಡುಗಳ ಸದ್ದು ತಿದ್ದುವ ತನ್ನ ಸ್ಟುಡಿಯೋದಿಂದ ಫೋನ್ ಮಾಡುತ್ತಿದ್ದ, ಇವಳು ಹಲೋ ಅಂದರೆ ಸಾಕು, ಯಾಕೆ ಅತ್ತಿದೀಯ, ಅನ್ನುತ್ತಿದ್ದ. ಈಗ ಎದುರಿಗೇ ಕೂತು ಮಾತಾಡಿದರೂ ಏನು ಗೊಣಗ್ತೀಯ, ಬಾಯಿ ಬಿಟ್ಟು ಹೇಳು.

ಬಾಯಿ ಬಿಟ್ಟು ಹೇಳು ಅಂತ ಅವಳ ತಮ್ಮನೂ ಅಂದಿದ್ದ. ಸ್ಟುಡಿಯೋದಲ್ಲಿ ಅರ್ಧ ಪಾಲು ತಮ್ಮನದು. ಅಕ್ಕಾ, ಭಾವ ಮುಗಿಸಿ ಕೊಟ್ಟ ಹಾಡು ಕೇಳಿದ್ಯಾ, ಸೂಜಿ ಚುಚ್ಚಿದ ಹಾಗಿದೆ, ಹಾಡಿದ ಹುಡುಗಿಯೇ ತನ್ನ ಹಾಡಿಗೆ ಬೆಚ್ಚಿಬಿದ್ದಳು, ಬಂದ ಕೆಲಸ ಎಲ್ಲ ವಾಪಸ್ ಹೋಗ್ತಿದೆ, ಸೋಮವಾರದಿಂದ ಆ ಕುರ್ಚೀಲಿ ಬೇರೆಯವರನ್ನ ಕೂರಿಸಲೇಬೇಕು. ಅದಕ್ಕೆ ಮುಂಚೆ ನೀನು ಹೇಳು, ಕಿವಿ ಡಾಕ್ಟರಿಗೆ ತೋರಿಸಲಿ, ನಾನು ಹೇಳಿದ್ರೆ ಹೊಡೆದೇಬಿಡ್ತಾರೆ. ನಾನು ಹೇಳಿದ್ರೆ? ಅಂದಿದ್ದಳು. ಹೊಡೆಯಲ್ಲ, ಅಳ್ತಾರೆ, ಅಷ್ಟೇ. ಅಷ್ಟೇ ಅಂತೆ. ಇವತ್ತು ಭಾನುವಾರ, ಬೆಳಗಿನಿಂದ ನಾಲಿಗೆಯ ತುದಿಗೆ ಬಂದದ್ದು ತುದಿಯಲ್ಲೇ ಕೂತಿದೆ.

ಶ್, ಮೈಕ್ ಆನ್ ಆಗಿದೆ, ಉಸಿರು ಬಿಗಿಹಿಡಿ, ಅಂದ. ಸ್ಪೀಕರಿನಿಂದ ಗುಂ ಅಂತ ಎದ್ದ ಸದ್ದು, ನೆಲ ನಡುಗುವಷ್ಟು ತಗ್ಗಿನಿಂದ, ಏರುತ್ತ, ಅದರ ಜೊತೆಗೇ ಅವನ ತೋರುಬೆರಳೂ ಏರುತ್ತ, ಹಾಡುವವರಿಗೆ ದಾರಿ ತೋರಿಸುತ್ತಿದ್ದ ಅದೇ ಬೆರಳು, ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ, ಆಮೇಲೆ ಮಡಚಿಕೊಂಡಿತು. ಮುಗೀತು, ಅಂದ. ಮುಗಿದಿರಲಿಲ್ಲ. ಸದ್ದು ಇನ್ನೂ ಏರುತ್ತಿತ್ತು, ತೆಳ್ಳಗೆ, ತಂತಿಯ ಹಾಗೆ, ಅದರ ನಡುವೆಯೇ ಅವನ ಮಾತು ಬಿದ್ದು ಪೆಟ್ಟಿಗೆ ಅಳತೆ ಕೆಟ್ಟಿದೆ ಅಂತ ಕೆಂಪು ದೀಪ ತೋರಿಸಿತು. ಮತ್ತೆ ಕೆಡ್ತಲ್ಲ, ನೀನು ಮಾತಾಡಿದ್ಯಾ? ಹೂಂ ರೀ, ನಾನೇ, ಕೆಮ್ಮು ಬಂತು. ನಿನ್ನೆ ಪಕ್ಕದ ಮನೆ ನಾಯಿ, ಅದಕ್ಕೆ ಮೊದಲು ಬೀದಿಯ ಸ್ಕೂಟರ್, ಎಷ್ಟು ಸಲ ಯಾರಯಾರ ಮೇಲೆ ಹೊರಿಸಲಿ, ಆ ನಾಯಿ ಬೊಗಳೇ ಇರಲಿಲ್ಲ ಪಾಪ.

ಇನ್ನೊಂದೇ ಸಲ, ಅಂದ. ಇದು ಮುಗಿದ ಕೂಡಲೇ ಹೇಳ್ತೀನಿ ಅಂದುಕೊಂಡಳು, ರೀ, ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬರೋಣ, ಅಷ್ಟೇ ತಾನೇ, ಗುಂ ಅಂದಿತು, ಏರಿತು, ಈ ಸಲ ಸದ್ದನ್ನೂ ಜೋರು ಮಾಡಿದ್ದಾನೆ, ಗಾಜಿನ ಮೇಲೆ ಮೊಳೆ ಎಳೆದ ಹಾಗೆ, ಹಲ್ಲಿನ ಬೇರಿಗೆ, ಅವಳಿಗೆ ಗೊತ್ತಿಲ್ಲದೆಯೇ ಎರಡೂ ಅಂಗೈ ಕಿವಿಗೆ ಹೋದವು, ಅವನ ಬೆರಳು ಮಡಚಿಕೊಂಡಿತು. ಮುಗೀತು. ತಿರುಗಿ ಅವಳನ್ನು ನೋಡಿದ. ಕೈ ಇಳಿಸಬೇಕು, ಕೆಮ್ಮಬೇಕು, ನಾನೇ ಅನ್ನಬೇಕು, ಆದರೆ ಸದ್ದು ನಿಂತಿಲ್ಲ, ಕೈ ಇಳಿಯುತ್ತಿಲ್ಲ — ಅವನು ಅವಳ ಕೈ ನೋಡುತ್ತಿದ್ದಾನೆ, ಸ್ಪೀಕರ್ ನೋಡುತ್ತಿದ್ದಾನೆ, ಮತ್ತೆ ಅವಳ ಕೈ, ಮಡಚಿದ ಆ ಬೆರಳು ಮೆಲ್ಲಗೆ ಬಿಚ್ಚಿಕೊಂಡು, ಕತ್ತಲಲ್ಲಿ ಮೆಟ್ಟಿಲು ತಡವುವ ಕಾಲಿನ ಹಾಗೆ, ಏರುತ್ತಿದೆ, ಅವಳ ಮುಖ ನೋಡಿಕೊಂಡು, ಅವನಿಗೆ ಕೇಳದ ಸದ್ದಿನ ಜೊತೆ, ಆ ಬೆರಳು.